ಒಲೆಯಿಲ್ಲದ ಹಡಗು

ದೀಪಾವಳಿ ಕಳೆದ ಮರುವಾರ ಸಿಂಧನೂರಿನ ಅಮರೇಗೌಡರ ಜೀಪು ಮಸ್ಕಿಯ ಬೆಟ್ಟದ ಬುಡದ ಓಣಿಗೆ ಬಂದು ಕರಿಬಸಯ್ಯನವರ ಕಟ್ಟೆಯ ಮುಂದೆ ನಿಂತಾಗ, ಅವರ ಹೆಂಡತಿ ಶೇಖರಮ್ಮ ಒಲೆಯ ಮುಂದೆ ಕೂತಿದ್ದಳು. ಸದ್ದು ಕೇಳಿಯೂ ಅವಳು ಏಳಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿಯಾಗಿತ್ತು. ಆ ನೀರು ಆರುವ ಮುನ್ನ ಅದನ್ನು ತಿರುವಿ ಹಾಕಬೇಕಿತ್ತು. ಜೀಪಿನಲ್ಲಿ ಬರುವವರು ಸಾಮಾನ್ಯವಾಗಿ ಗಂಡನನ್ನು ಹುಡುಕಿಕೊಂಡು ಬರುವವರೇ. ಸುತ್ತಲಿನ ಎಷ್ಟೋ ಮನೆಗಳ ಲಗ್ನಕ್ಕೆ, ಹೊಸ ಮನೆಯ ಪ್ರವೇಶಕ್ಕೆ, ಸತ್ತವರ ಕಾರ್ಯಕ್ಕೆ ಅಯ್ಯನವರಾದ ಕರಿಬಸಯ್ಯ ಬೇಕು. ಆದರೆ ಆ ದಿನ ಗೌಡರು ಅಯ್ಯನವರ ಪಾದ ಮುಟ್ಟಿ, ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಅಮ್ಮಾರು ಅದಾರೇನ್ರಿ?" ಎಂದು ಕೇಳಿದರು.

ಗೌಡರದು ಸಿಂಧನೂರಿನಲ್ಲಿ ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿ. ಆ ವರ್ಷ ಕಾಲುವೆಯ ಕೆಳಗಿನ ಭತ್ತಕ್ಕೆಲ್ಲ ಹುಳು ಬಿದ್ದು, ಅಂಗಡಿಯ ಸರಕು ನೀರಿನಂತೆ ಹರಿದಿತ್ತು. ಖುಷಿಯಾದ ಔಷಧದ ಕಂಪನಿ, ಹೆಚ್ಚು ಮಾರಿದ ಅಂಗಡಿಕಾರರನ್ನು ಮನೆಮಂದಿಯ ಸಮೇತ ಕೊಚ್ಚಿಯಿಂದ ಲಕ್ಷದ್ವೀಪದವರೆಗೆ ಹಡಗಿನಲ್ಲಿ ಕರೆದೊಯ್ಯಲು ಒಪ್ಪಿತ್ತು. ಗೌಡರ ಪಾಲಿಗೆ ನಾಲ್ಕು ಟಿಕೇಟು ಬಂದಿದ್ದವು.

"ನಾನು, ನಮ್ಮಾಕಿ, ನಮ್ಮವ್ವ. ನಾಕನೇದು ಉಳದೈತ್ರಿ," ಎಂದರು ಗೌಡರು, ಬಾಗಿಲಿಗೆ ಬಂದು ನಿಂತ ಶೇಖರಮ್ಮನ ಕಡೆ ತಿರುಗಿ. "ನಮ್ಮವ್ವ ಪಂಪಮ್ಮನ ಹಟ ನಿಮಗ ಗೊತ್ತಲ್ರಿ. ಹಡಗಿನ ಅಡಿಗಿಮನ್ಯಾಗ ಮೀನ ಬೇಯಿಸ್ತಾರ, ಅಲ್ಲಿದೊಂದು ತುತ್ತೂ ಮುಟ್ಟಂಗಿಲ್ಲ ಅಂತಾಳ. ಅಯ್ಯನೋರ ಮನಿ ಕೈಯಡಿಗಿ ಇದ್ರ ಬರ್ತೀನಿ ಅಂತಾಳ. ನೀವು ಬಂದು ಆಕಿಗೆ ಹೊತ್ತೊತ್ತಿಗೆ ಮಾಡಿ ಹಾಕಿದ್ರ, ಹಡಗು, ರೈಲು, ಎಲ್ಲಾ ನಂದು. ನಿಮಗ ಒಂದು ಪೈಸಾ ಖರ್ಚಿಲ್ಲ."

ಕರಿಬಸಯ್ಯ ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು. ಶೇಖರಮ್ಮ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಂಡಳು.

"ನಡುವ ಎಲ್ಲೆರ ನೆಲ ಕಾಣ್ತದೇನ್ರಿ ಗೌಡ್ರ?"

"ಇಡೀ ರಾತ್ರಿ, ಮರದಿನ ಹೊತ್ತೇರೋತನಕ ಸುತ್ತೂ ಕಡಿ ನೀರ ಅಂತರಿ."

"ಅಡಿಗಿಗೆ ಒಲಿ ಕೊಡ್ತಾರೇನು?"

"ಕೇಳಬೇಕ್ರಿ."

"ಕೊಡದಿದ್ರೂ ನಡೀತದ ತಗೋರಿ," ಎಂದಳು ಶೇಖರಮ್ಮ. "ನನ್ನ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಟ್ರೂ ಮುರಿದ್ರ ಪಟ್ ಅಂತಾವ. ಇಲ್ಲಿಂದ ಕಟ್ಟಿಕೊಂಡು ಹತ್ತಿದ್ರಾತು."

ಆ ಮಾತು ಸುಳ್ಳಲ್ಲ. ಶ್ರಾವಣದ ದಾಸೋಹಕ್ಕೆ ಮಠದಲ್ಲಿ ರೊಟ್ಟಿ ಬಡಿಯುವ ಹೆಂಗಸರ ಸಾಲು ನಡೆಸುವವಳು ಶೇಖರಮ್ಮನೇ. ಅವಳ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತಿತ್ತು. ಆದರೆ ತನ್ನ ಬಾಯಿಂದ ಬಿದ್ದ ಆ ಒಂದು ಜಂಬದ ಮಾತೇ ತನ್ನ ಕಾಲಿಗೆ ತೊಡರುತ್ತದೆಂದು ಅವಳಿಗೆ ಆ ಹೊತ್ತಿನಲ್ಲಿ ತಿಳಿಯುವಂತಿರಲಿಲ್ಲ.

ಜೀಪು ಹೋದ ಮೇಲೆ ಅವಳು ದೇವರ ಕೋಣೆಗೆ ಹೋಗಿ ಜಗಲಿಯ ಮೂಲೆಯಲ್ಲಿದ್ದ ಶಂಖವನ್ನು ಒರೆಸಿ, ಕಿವಿಗೆ ಹಿಡಿದು ಅದರೊಳಗಿನ ಮೊರೆತ ಕೇಳಿ, ಮತ್ತೆ ಇಟ್ಟಳು. ಮಗ ಮರಿಸ್ವಾಮಿ ತೊಟ್ಟಿಲಲ್ಲಿದ್ದಾಗ ಕರಿಬಸಯ್ಯ ಮಠದವರ ಜೊತೆ ರಾಮೇಶ್ವರಕ್ಕೆ ಹೋಗಿ ತಂದದ್ದು ಅದು. ಮುಂದಿನ ಸಲ ನಿನ್ನನ್ನೂ ಕರೆದೊಯ್ಯುತ್ತೇನೆ ಎಂದಿದ್ದರು. ಆ ಮಗನಿಗೆ ಈಗ ಮದುವೆಯಾಗಿತ್ತು.

*

ಅಂದು ಊಟಕ್ಕೆ ಕೂತಾಗಲೇ ಜಗಳ ಮೊದಲಾಯಿತು.

"ಅಯ್ಯನ ಹೆಂಡತಿ ಗೌಡನ ಮನಿಗೆ ಅಡಿಗಿ ಆಳಾಗಿ ಹೋದ್ಲು ಅಂತ ಮಂದಿ ಆಡಿಕೊಂಡ್ರ, ನಾಳೆ ನನ್ನ ಪಾದಕ್ಕ ಯಾರು ನೀರು ಹಾಕ್ತಾರ?" ಎಂದರು ಕರಿಬಸಯ್ಯ.

"ಮಠದಾಗ ಊರ ಮಂದಿಗೆಲ್ಲಾ ರೊಟ್ಟಿ ಬಡೀತೀನಿ. ಆವಾಗ ಆಳು ಅನ್ನಲಿಲ್ಲ."

"ಅದು ಸೇವಾ."

"ಸೇವಾ ಮಾಡಿದ್ರ ಪುಣ್ಯ ಬರ್ತದ ಅಂದ್ರಿ, ಮಾಡಿದೆ. ಇದು ಮಾಡಿದ್ರ ಸಮುದ್ರ ಬರ್ತದ. ಮಾಡ್ತೀನಿ."

ಮರಿಸ್ವಾಮಿ ನಗು ತಡೆಯಲು ನೀರು ಕುಡಿದ. ಅವನು ಬಿ.ಎಸ್ಸಿ. ಮುಗಿಸಿ ಲಿಂಗಸುಗೂರಿನ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ. ದಿನವೂ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದ. "ಯವ್ವಾ, ಹಡಗು ತೂಗಾಡ್ತದ. ತಲಿ ತಿರುಗಿ ವಾಂತಿ ಆಗ್ತದ," ಎಂದ.

"ನಿನ್ನ ಹಡಿಯೋದಕ್ಕ ತಿಂಗಳಾನುಗಟ್ಟಲೆ ವಾಂತಿ ಮಾಡ್ಕೊಂಡೀನಿ. ಇದು ನಾಕು ದಿನದ್ದು."

ಅತ್ತೆ ಜಂಬಮ್ಮ ಗೋಡೆಗೆ ಒರಗಿ ಕೂತಿದ್ದಳು. ಹಲ್ಲೆಲ್ಲ ಬಿದ್ದ ಬಾಯಿಯಲ್ಲಿ ಸಾರಿನಲ್ಲಿ ನೆನೆದ ರೊಟ್ಟಿಯನ್ನು ಸಾವಕಾಶವಾಗಿ ಹೊರಳಿಸುತ್ತ, "ಸಮುದ್ರ ಗಿಮುದ್ರ ನಿಮ್ಮ ನಿಮ್ಮೊಳಗ ನೋಡಿಕೋರಿ. ನನಗ ರೊಟ್ಟಿ ಯಾರು ಬಡೀತಾರ ಅದನ್ನ ಹೇಳ್ರಿ. ಈ ಅನ್ನದ ಊರಿನಾಕಿನೇನು?" ಎಂದಳು.

ಅನ್ನದ ಊರಿನಾಕೆ ಎಂದರೆ ಸೊಸೆ ವಿಶಾಲಾಕ್ಷಿ. ಅವಳ ತವರು ವಳಕಮದಿನ್ನಿ. ಕಾಲುವೆಯ ನೀರು ಬಂದ ಮೇಲೆ ಆ ಊರಿನಲ್ಲಿ ಭತ್ತದ ಗದ್ದೆಯೇ ಹೆಚ್ಚಾಗಿ, ಜೋಳದ ಹಿಟ್ಟು ನಾದುವ ಕೈಗಳೇ ಕಡಿಮೆಯಾಗಿದ್ದವು. ಅವಳು ಬಡಿದ ರೊಟ್ಟಿ ಅಂಚಿನಿಂದ ನಡುವಿನವರೆಗೆ ಸೀಳುತ್ತಿತ್ತು. ಎತ್ತಿ ಹಂಚಿಗೆ ಹಾಕುವಾಗ ಅರ್ಧ ಕೈಯಲ್ಲೇ ಉಳಿಯುತ್ತಿತ್ತು.

"ಕಲಿಸ್ತೀನಿ," ಎಂದಳು ಶೇಖರಮ್ಮ.

ಮರುದಿನದಿಂದ ಒಲೆಯ ಮುಂದಿನ ಮಣೆ ಸೊಸೆಯ ಪಾಲಾಯಿತು. ಶೇಖರಮ್ಮ ಪಕ್ಕದಲ್ಲಿ ಕೂತು ಕೈ ಕಟ್ಟಿಕೊಂಡು ನೋಡಿದಳು. "ನೀರು ಕುದಿಯೋದಿರ್ಬೇಕು. ಬೆರಳು ಸುಟ್ರೂ ನಾದು. ಹಿಟ್ಟು ಕೈಗೆ ಅಂಟೋದು ಬಿಟ್ಟಿತು ಅಂದ್ರ ತಿಳಕೋ, ಅದು ನಿನ್ನ ಮಾತು ಕೇಳಾಕತ್ತೈತಿ."

"ಇದು ಯಾರ ಮಾತೂ ಕೇಳಂಗಿಲ್ಲ ಅತ್ತಿ," ಎಂದಳು ವಿಶಾಲಾಕ್ಷಿ, ಕಣ್ಣಲ್ಲಿ ಹೊಗೆಯೋ ಅಳುವೋ ತಿಳಿಯದಂತೆ.

ಜಂಬಮ್ಮ ಅವಳ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಊರಿನ ಕಾಲುವಿ, ಉಪಕಾಲುವಿ, ಹೊಲಗಾಲುವಿ, ಎಲ್ಲಾ ಇದರಾಗ ಕಾಣ್ತಾವ ನೋಡವ್ವ. ಮುಂದೊಂದು ತೂಬು ಇಟ್ಟುಬಿಡು," ಎಂದಳು. ಮನೆಯೆಲ್ಲ ನಕ್ಕಿತು. ವಿಶಾಲಾಕ್ಷಿಯೂ ನಕ್ಕಳು, ಆದರೆ ಎರಡನೆಯ ಸಲ ಹಿಟ್ಟು ಕಲಸಿದಳು. ಎಳ್ಳ ಅಮಾವಾಸ್ಯೆ ಬರುವ ಹೊತ್ತಿಗೆ ಅವಳ ರೊಟ್ಟಿ ದಪ್ಪನಾಗಿದ್ದರೂ, ಅಂಚು ಒರಟಾಗಿದ್ದರೂ, ಹರಿಯದೆ ಹಂಚಿಗೆ ಹೋಗುತ್ತಿತ್ತು. ಶೇಖರಮ್ಮ ತಾನು ಬಡಿದವುಗಳನ್ನು ಒಣಗಿಸಿ ಬಿದಿರಿನ ಬುಟ್ಟಿಯಲ್ಲಿ ಪೇರಿಸತೊಡಗಿದಳು.

*

ಸಂಕ್ರಾಂತಿಯ ಹಿಂದಿನ ದಿನ ಅವಳು ನಲ್ಲಿಯಿಂದ ಕೊಡ ಹೊತ್ತು ಬಂದಾಗ ಪಡಸಾಲೆಯ ನಟ್ಟನಡುವೆ ಒಂದು ಚೀಲ ನಿಂತಿತ್ತು. ಬಾಯಿ ಹೊಲಿದ, ತುಂಬಿದ ಚೀಲ.

"ಏನಿದು?"

"ಬಿಳಿಜೋಳ. ಗೌಡನ ಅಂಗಡಿ ಆಳು ಗ್ಯಾನಪ್ಪ ತಂದು ಇಳಿಸಿ ಹೋದ," ಎಂದರು ಕರಿಬಸಯ್ಯ. ಅವರ ದನಿಯಲ್ಲಿ ಬಹಳ ದಿನದ ಮೇಲೆ ನೆಮ್ಮದಿ ಇತ್ತು. "ಹಡಗಿನ್ಯಾಗ ಒಲಿ ಹಚ್ಚಂಗಿಲ್ಲಂತ. ಕಡ್ಡಿಪೆಟ್ಟಿಗಿನೂ ಒಯ್ಯಂಗಿಲ್ಲಂತ. ಒಲಿ ಇಲ್ಲದ ಮ್ಯಾಲ ಅಡಿಗಿಯಾಕಿ ಬಂದು ಏನ ಮಾಡ್ಬೇಕು? ನೀನ ಹೇಳಿದ್ದಿಯಲ್ಲ, ನಿನ್ನ ರೊಟ್ಟಿ ತಿಂಗಳುಗಟ್ಟಲೆ ಇರ್ತಾವ ಅಂತ. ಇಲ್ಲೇ ಬಡದು ಕಟ್ಟಿಕೊಡು, ಅವರು ಒಯ್ತಾರ. ಕೂಲಿ ಕೊಡ್ತಾನ."

"ನಾಕನೇ ಟಿಕೇಟು?"

"ಅವನ ಹೆಂಡತಿ ತಮ್ಮಗ ಕೊಟ್ಟಾನಂತ."

ಶೇಖರಮ್ಮ ಕೊಡವನ್ನು ಇಳಿಸಲಿಲ್ಲ. "ನೀವು ಏನಂದ್ರಿ?"

"ಆಗ್ಲಿ ಅಂದೆ. ಮನ್ಯಾಗ ಕುಂತು ಬಡದ್ರ ಮರ್ಯಾದಿಗೇನೂ ಧಕ್ಕಿ ಇಲ್ಲ."

"ಕೂಲಿ ಇಸ್ಕೊಂಡ್ರ ಆಳಲ್ಲ. ಕೂಲಿ ಬ್ಯಾಡ, ಸಂಗಡ ಬರ್ತೀನಿ ಅಂದ್ರ ಆಳು. ಹೌದಿಲ್ಲೋ?"

ಕೊಡ ಹೊತ್ತುಕೊಂಡೇ ಅವಳು ಒಳಗೆ ಹೋದಳು.

ಚೀಲದ ಹೊಲಿಗೆ ಬಿಚ್ಚಲಿಲ್ಲ. ಹಬ್ಬ ಬಂತು, ಹೋಯಿತು. ಚೀಲ ಅಲ್ಲೇ ಇತ್ತು. ಬಂದವರು ಅದನ್ನು ಸುತ್ತುಹಾಕಿ ಒಳಗೆ ಬರುತ್ತಿದ್ದರು. ಮರಿಸ್ವಾಮಿ ಡಬ್ಬಿ ಹಿಡಿದು ಓಡುವಾಗ ಎಡವಿದ. ಜಂಬಮ್ಮ ಮಾತ್ರ ಗೋಡೆಯನ್ನು ಬಿಟ್ಟು ಅದಕ್ಕೇ ಒರಗತೊಡಗಿದಳು. ಗೋಡೆಗಿಂತ ಮೆತ್ತಗಿದೆ ಎಂದಳು.

ಹಬ್ಬದ ಬಳೆ ವ್ಯಾಪಾರ ತೀರಿದ ಮೇಲೆ ಹಿಂದಿನ ಓಣಿಯ ಬಳೆಗಾರ್ತಿ ಖಾತೂನ್‌ಬೀ ಉಳಿದ ಬಳೆಗಳ ಬುಟ್ಟಿ ಹೊತ್ತು ಬಂದು ಪಡಸಾಲೆಯಲ್ಲಿ ಉಸ್ಸೆಂದು ಕೂತಳು. ಅವಳು ಗಂಡ ಬಾಬುಸಾಬನ ಜೊತೆ ಎಷ್ಟೋ ವರ್ಷಗಳ ಹಿಂದೆ ಮುಂಬಯಿಯಿಂದ ಹಡಗು ಹತ್ತಿ ಹಜ್ಜಿಗೆ ಹೋಗಿ ಬಂದವಳು. ಓಣಿಯಲ್ಲಿ ಹಡಗು ಕಂಡವರೆಂದರೆ ಅವರಿಬ್ಬರೇ.

"ಏನ್ರಿ ಅಮ್ಮಾರ, ಹಡಗಿಗೆ ಹೊಂಟೀರಂತ?"

"ನಾ ಅಲ್ಲ, ನನ್ನ ರೊಟ್ಟಿ ಹೊಂಟಾವ," ಎಂದಳು ಶೇಖರಮ್ಮ, ಚೀಲ ತೋರಿಸಿ.

ಖಾತೂನ್‌ಬೀ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖಡಕ್ ರೊಟ್ಟಿನೇನ್ರಿ? ನಾವೂ ಅದೇ ಕಟ್ಟಿಕೊಂಡು ಹತ್ತಿದ್ದಿವಿ. ಎರಡು ದಿನ ಛಂದ ಇದ್ದುವು. ಆಮ್ಯಾಲ ಗಂಟು ಬಿಚ್ಚತೀನಿ, ಯಾ ಅಲ್ಲಾ! ಮಡಚಿದ್ರ ಮಡಚ್ತಾವ, ಮುರಿಯಂಗಿಲ್ಲ. ನಮ್ಮ ಸಾಬ್ರು 'ಇದು ರೊಟ್ಟಿ ಅಲ್ಲಲೇ, ಚಪ್ಪಲಿ ತೊಗಲು' ಅಂದ್ರು. ಅಲ್ಲಿ ಗಾಳಿನೇ ಹಸಿ ಐತ್ರಿ. ಉಪ್ಪಿನ ಗಾಳಿ. ಮೈಮ್ಯಾಲಿನ ಅರಿವಿನೂ ಆರಂಗಿಲ್ಲ."

ಶೇಖರಮ್ಮನ ಕೈ ಬಳೆಗಳ ಮೇಲೆ ನಿಂತಿತು. ಈ ಎರೆನಾಡಿನ ಒಣ ಗಾಳಿಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಗಾಳಿ ಎಂದರೆ ಒಣಗಿಸುವುದು. ಅದು ನೆನೆಸಲೂಬಹುದೆಂದು ಹೊಳೆದೇ ಇರಲಿಲ್ಲ.

ಖಾತೂನ್‌ಬೀ ಹೋದ ಮೇಲೆ ಜಂಬಮ್ಮ ಚೀಲಕ್ಕೆ ಒರಗಿದಲ್ಲಿಂದಲೇ ಉಪಾಯ ಹೇಳಿದಳು: "ಬಡದು ಕೊಟ್ಟುಬಿಡು. ಸಮುದ್ರದಾಗ ಮೆತ್ತಗಾಗ್ಲಿ. ಗೌಡಗ ಆವಾಗ ತಿಳೀತದ."

"ಗೌಡಗ ತಿಳಿಯೋದು ಬ್ಯಾರೆ ಅತ್ತಿ. ಶೇಖರಮ್ಮನ ರೊಟ್ಟಿ ಚಪ್ಪಲಿ ತೊಗಲು ಆದ್ವಂತ ಅಂತ ಊರೆಲ್ಲಾ ಅನ್ನೋದನ್ನ ನಾ ಕೇಳಲಾರೆ."

*

ಮಾರನೆಯ ದಿನ ಸ್ನಾನಕ್ಕೆ ಹೋದ ಕರಿಬಸಯ್ಯ ಟವೆಲು ಸುತ್ತಿಕೊಂಡು ಹಾಗೆಯೇ ಹೊರಬಂದರು. "ಬಚ್ಚಲದಾಗ ರೊಟ್ಟಿ ಯಾಕ ಜೋತು ಬಿದ್ದಾವ?"

ಬಚ್ಚಲಿನ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ, ಬುಟ್ಟಿಯಲ್ಲಿ ಪೇರಿಸಿಟ್ಟಿದ್ದ ಖಡಕ್ ರೊಟ್ಟಿಗಳನ್ನು ಶೇಖರಮ್ಮ ಬಟ್ಟೆಯಂತೆ ಕ್ಲಿಪ್ಪು ಹಾಕಿ ಸಾಲಾಗಿ ತೂಗುಹಾಕಿದ್ದಳು. ಹಿತ್ತಲ ಹಂಡೆಯಿಂದ ತಂದ ಬಿಸಿನೀರು ಬಕೆಟ್ಟಿನಲ್ಲಿ ಹಬೆಯಾಡುತ್ತಿತ್ತು.

"ಅವು ಸಮುದ್ರದಾಗ ಅದಾವ," ಎಂದಳು. "ಕೆಡವಬ್ಯಾಡ್ರಿ."

"ಅಪ್ಪಾ, ಆರ್ದ್ರತೆ ನೋಡಾಕತ್ತಾಳ," ಎಂದ ಮರಿಸ್ವಾಮಿ ಗಂಭೀರವಾಗಿ. "ನಮ್ಮ ಕಾಲೇಜಿನ್ಯಾಗೂ ಹಿಂಗ ಮಾಡ್ತೀವಿ. ರೊಟ್ಟಿ ಇರಂಗಿಲ್ಲ ಅಷ್ಟೆ."

ಆ ದಿನದಿಂದ ಅವಳು ಅಡುಗೆಮನೆಯ ಒಲೆಯನ್ನೂ ಹಚ್ಚಲಿಲ್ಲ. ಊಟಕ್ಕೆ ಕೂತವರ ತಾಟಿಗೆ ಮೊಸರಲ್ಲಿ ನೆನೆಸಿದ ಅವಲಕ್ಕಿ ಬಂತು, ಮೊಳಕೆಯೊಡೆದ ಹೆಸರುಕಾಳು ಬಂತು, ಹಾಲು ಬೆಲ್ಲದಲ್ಲಿ ಕಲಸಿದ ಹುರಿಹಿಟ್ಟು ಬಂತು. ಮೊದಲ ದಿನ ಕರಿಬಸಯ್ಯ ವ್ರತವೆಂದು ತಿಳಿದು ಉಂಡರು. ಮರುದಿನ ಮತ್ತೆ ಅವಲಕ್ಕಿ ಕಂಡಾಗ ತಾಟು ಸರಿಸಿದರು.

"ಇದೇನು ಮನಿಯೋ, ಹಡಗೋ?"

"ಹಡಗು. ಒಲಿ ಹಚ್ಚಂಗಿಲ್ಲ, ಕಡ್ಡಿಪೆಟ್ಟಿಗಿನೂ ಒಯ್ಯಂಗಿಲ್ಲ. ನೀವ ಹೇಳಿದ್ರಿ."

"ಆ ಚೀಲ ಬಿಚ್ಚೇ, ಒಲಿ ಹಚ್ಚೇ. ಮಾತು ಕೊಟ್ಟೀನಿ ನಾನು!"

"ಮಾತು ನಿಮ್ಮದು, ಕೈ ನನ್ನದು. ನಿಮ್ಮ ಮಾತು ನೀವ ಬಡೀರಿ."

ವಿಶಾಲಾಕ್ಷಿ ಬಾಯಿಗೆ ಸೆರಗು ಹಚ್ಚಿ ಒಳಗೆ ಓಡಿದಳು. ಕರಿಬಸಯ್ಯ ಸಂತೆಕಲ್ಲೂರಿನ ಭಕ್ತರೊಬ್ಬರ ಮನೆಗೆ, ಕರೆಯದಿದ್ದರೂ, ಊಟದ ಹೊತ್ತಿಗೆ ಸರಿಯಾಗಿ ಹೋಗಿ ಬಂದರು.

ಬಚ್ಚಲಿನ ರೊಟ್ಟಿ ಖಾತೂನ್‌ಬೀ ಹೇಳಿದಂತೆಯೇ ತೊಗಲಾಯಿತು. ಅದನ್ನು ಏನು ಮಾಡುವುದು? ಮಜ್ಜಿಗೆಯಲ್ಲಿ ಹಾಕಿದರೆ ಹುಳಿಯಾಗಿ ಲೋಳೆಯಾಯಿತು. ಬಿಸಿಲಿಗಿಟ್ಟರೆ ಅಂಚು ಮುದುರಿ ಮರದ ತೊಗಟೆಯಾಯಿತು. ಆಗ ಅವಳಿಗೆ ಮುಟಗಿ ನೆನಪಾಯಿತು. ಬಿಸಿ ರೊಟ್ಟಿಯನ್ನು ಹರಿದು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರ ಜಜ್ಜಿ, ಎಣ್ಣೆ ಬಿಟ್ಟು, ಅಂಗೈಯಲ್ಲಿ ನಾದಿ ಮುಷ್ಟಿಯಲ್ಲಿ ಒತ್ತಿದರೆ ಅದು ಮುಟಗಿ. ಹಂಚಿನಿಂದ ಇಳಿದ ರೊಟ್ಟಿಯದ್ದನ್ನು ಎಲ್ಲರೂ ಮಾಡುತ್ತಾರೆ. ತಣ್ಣಗಿನ, ಹಸಿ ಗಾಳಿ ಕುಡಿದ ರೊಟ್ಟಿಯದ್ದನ್ನು ಯಾರೂ ಮಾಡಿರಲಿಲ್ಲ. ಮೊದಲ ಸಲ ಅದು ಮುಷ್ಟಿ ಬಿಟ್ಟೊಡನೆ ಉದುರಿತು. ಎಣ್ಣೆ ಹೆಚ್ಚಿಸಿದಳು, ಜಾರಿತು. ಕೊನೆಗೆ ಎಣ್ಣೆಗೆ ಮುಂಚೆ ಅಂಗೈಯನ್ನು ಬಿಸಿನೀರಿನಲ್ಲಿ ಅದ್ದಿ, ಆ ಕಾವಿನಲ್ಲೇ ರೊಟ್ಟಿಯನ್ನು ತಿಕ್ಕಿ ತಿಕ್ಕಿ ನಾದಿದಳು. ಆಮೇಲೆ ಎಣ್ಣೆ ಬಿಟ್ಟಳು. ಮುಟಗಿ ನಿಂತಿತು.

ಜಂಬಮ್ಮನ ತಾಟಿಗೆ ಅದನ್ನು ಇಟ್ಟಳು. ಮುದುಕಿ ಒಂದು ಚೂರು ಬಾಯಿಗೆ ಹಾಕಿಕೊಂಡು ಒಸಡಿನಲ್ಲೇ ಹೊರಳಿಸಿ ನುಂಗಿದಳು. ತಾಟು ಮುಂದೆ ಚಾಚಿದಳು. ಎರಡನೆಯದೂ ಮುಗಿದ ಮೇಲೆ, "ಹಲ್ಲಿದ್ದೋರು ನಿನ್ನ ಖಡಕ್ ರೊಟ್ಟಿ ತಿನ್ಲಿ. ನನಗ ದಿನಾ ಇದ ಇರ್ಲಿ," ಎಂದಳು. ಮರಿಸ್ವಾಮಿ ಲಿಂಗಸುಗೂರಿಗೆ ಡಬ್ಬಿಯಲ್ಲಿ ಒಯ್ದ ಮುಟಗಿಯನ್ನು ಸಹೋದ್ಯೋಗಿಗಳು ಅವನಿಗೆ ಉಳಿಸಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಅದು ಬಿರುಸಾಗಿತ್ತು ಎಂದೂ ಅವನು ಹೇಳಿದ. ಮಾಡಿದ ಕೂಡಲೇ ತಿಂದರಷ್ಟೇ ಅದರ ಸೊಗಸು.

ಶೇಖರಮ್ಮ ಅತ್ತೆಯ ಬಾಯಿಯನ್ನೇ ನೋಡುತ್ತಿದ್ದಳು. ಗೌಡರ ತಾಯಿ ಪಂಪಮ್ಮನಿಗೂ ಇದೇ ವಯಸ್ಸು. ಮಠದ ಪಂಕ್ತಿಯಲ್ಲಿ ಆಕೆಯೂ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ಉಣ್ಣುವುದನ್ನು ಅವಳು ಕಂಡಿದ್ದಳು. ಒಲೆಯಿಲ್ಲದ ಹಡಗಿನಲ್ಲಿ ಆಕೆ ಮುಟ್ಟುವಂಥ ಸಾರು ಎಲ್ಲಿಂದ ಬರಬೇಕು?

*

"ಚೀಲ ತಿರುಗಿ ಕೊಡಾಕ ಹೊಂಟೀನಿ," ಎಂದಳು ಗಂಡನಿಗೆ. "ಬರ್ತೀರೇನು?"

"ನಾ ಬರಂಗಿಲ್ಲ. ನನ್ನ ಮಾತು ಮುರಿಯಾಕ ನಾನ ಬರ್ಲೇನು?"

"ಹಂಗಾರ ವಿಶಾಲಿ ಬರ್ತಾಳ."

ಸಿಂಧನೂರಿನ ಬಸ್ಸಿನ ಮೇಲೆ ಚೀಲ ಹೇರಿಸಿ ಅತ್ತೆ ಸೊಸೆ ಹೋದರು. ಗೌಡರ ಅಂಗಡಿಯ ಔಷಧದ ಘಾಟಿಗೆ ಮೂಗು ಮುಚ್ಚಿಕೊಂಡು, ಅಂಗಡಿಯ ಹಿಂದಿನ ಮನೆಯ ಪಡಸಾಲೆಗೆ ಬಂದರು. ಗ್ಯಾನಪ್ಪ ಚೀಲ ತಂದು ಇಳಿಸಿದ. ಹೊಲಿದ ಬಾಯಿ ನೋಡಿ ಗೌಡರ ಹುಬ್ಬು ಏರಿತು.

"ಇದ್ಯಾಕ್ರಿ ಅಮ್ಮಾರ? ಅಯ್ಯನೋರು ಒಪ್ಪಿದ್ರಲ್ಲ? ಕೂಲಿ ಕಡಿಮಿ ಆತೇನು? ಹೇಳ್ರಿ, ಕೂಡಿಸ್ತೀನಿ."

"ಕೂಲಿ ಮಾತು ಬ್ಯಾಡ್ರಿ ಗೌಡ್ರ. ನನ್ನ ರೊಟ್ಟಿ ಸಮುದ್ರದಾಗ ಮೆತ್ತಗಾಗ್ತಾವ. ತಿಂಗಳುಗಟ್ಟಲೆ ಇರ್ತಾವ ಅಂತ ಹೇಳಿದಾಕಿ ನಾನು, ಅದಕ್ಕ ಇರಂಗಿಲ್ಲ ಅಂತ ಹೇಳಾಕ ನಾನ ಬಂದೀನಿ."

"ಮೆತ್ತಗಾದ್ರ ಆಗ್ಲಿ ಬಿಡ್ರಿ. ಹಂಗ ತಿಂತೀವಿ."

"ನೀವು ತಿಂತೀರಿ. ಪಂಪಮ್ಮಾರು?"

ಒಳಬಾಗಿಲಲ್ಲಿ ಕೋಲಿನ ಸದ್ದಾಯಿತು. ಪಂಪಮ್ಮ ಬಂದು ಮಂಚದ ಮೇಲೆ ಕೂತಳು. "ಏನಂತ, ನನ್ನ ಹೆಸರು ಯಾಕ ಬಂತು?"

ಶೇಖರಮ್ಮ ಒದ್ದೆ ಬಟ್ಟೆಯ ಗಂಟು ಬಿಚ್ಚಿ ಮೆತ್ತಗಾದ ರೊಟ್ಟಿಯೊಂದನ್ನು ಆಕೆಯ ಕೈಗಿಟ್ಟಳು. ಮುದುಕಿ ಮುರಿಯಲು ನೋಡಿದಳು, ಅದು ಮುರಿಯಲಿಲ್ಲ. ಬಾಯಿಗೆ ಹಾಕಿಕೊಂಡು ಜಗ್ಗಿದಳು, ಅದು ಹರಿಯಲಿಲ್ಲ. ಕೈಗೆ ಉಗುಳಿಕೊಂಡು ಮಗನ ಕಡೆ ನೋಡಿದಳು.

"ಇದನ್ನ ತಿನ್ನಿಸ್ತೀಯೇನು ನನಗ, ನೀರಿನ ನಡುವ ಒಯ್ದು?"

"ಯವ್ವಾ, ಅದು ಖಡಕ್ ಇದ್ದಾಗ..."

"ಖಡಕ್ ಇದ್ದಾಗ ತಿನ್ನಾಕ ನನ್ನ ಬಾಯಾಗ ಏನೈತಿ? ಹುಟ್ಟಿದಾಗಿಂದ ನನ್ನ ಮಾರಿ ನೋಡಾಕತ್ತೀದಿ, ಹಲ್ಲಿಲ್ಲದ್ದು ಕಾಣಲಿಲ್ಲೇನು ನಿನಗ?"

ಗೌಡರ ಹೆಂಡತಿ ಒಳಗೇ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಶೇಖರಮ್ಮ ಒಂದು ಚೆಂಬು ಬಿಸಿನೀರು, ಹಡಗಿನ ಬಚ್ಚಲಿನಲ್ಲೂ ಸಿಗುವಂಥದ್ದು, ಕೇಳಿದಳು. ವಿಶಾಲಾಕ್ಷಿ ಬೆಳ್ಳುಳ್ಳಿಯ ಪೊಟ್ಟಣ ಬಿಚ್ಚಿದಳು. ಪಡಸಾಲೆಯ ನೆಲದ ಮೇಲೆ ಕೂತು, ಅಂಗೈ ಅದ್ದಿ ಅದ್ದಿ ಶೇಖರಮ್ಮ ಆ ತೊಗಲನ್ನೇ ನಾದಿದಳು. ಬೆಳ್ಳುಳ್ಳಿ, ಖಾರದ ವಾಸನೆ ಔಷಧದ ಘಾಟನ್ನು ಹಿಂದಕ್ಕೆ ತಳ್ಳಿತು. ಮುಷ್ಟಿ ತೆರೆದಾಗ ಬೆರಳುಗಳ ಗುರುತು ಮೂಡಿದ ಮುಟಗಿ ಇತ್ತು. ಪಂಪಮ್ಮ ತಿಂದಳು. ಇನ್ನೊಂದು ಕೇಳಿದಳು.

"ಇದನ್ನ ಮಾಡೋದು ನಮ್ಮಾಕಿಗೆ ಹೇಳಿಕೊಡ್ರಿ," ಎಂದರು ಗೌಡರು, ಕೊನೆಯ ದಾರಿ ಹುಡುಕುತ್ತ.

"ಹೇಳಿಕೊಡ್ತೀನಿ. ಆದ್ರ ಪಂಪಮ್ಮಾರು ಅಯ್ಯನೋರ ಮನಿ ಕೈ ಬೇಕು ಅಂದಾರ. ನನ್ನ ರೊಟ್ಟಿ ಗಂಟು ಕಟ್ಟಿ ಕೊಡಬಹುದು ಗೌಡ್ರ, ನನ್ನ ಕೈ ಗಂಟು ಕಟ್ಟಿ ಕೊಡಾಕ ಬರಂಗಿಲ್ಲ. ಅದು ನನ್ನ ಸಂಗಡನ ಬರ್ತದ."

"ಹಂಗಾರ ನಮ್ಮಾಕಿ ತಮ್ಮಗ ಏನ ಹೇಳ್ಲಿ? ಅವ ಹೊಸ ಪ್ಯಾಂಟು ಹೊಲಿಸ್ಯಾನ್ರಿ."

"ಅವಗ ಮುಟಗಿ ಮಾಡಾಕ ಬರ್ತದೇನು ಕೇಳು," ಎಂದಳು ಪಂಪಮ್ಮ ಬಾಯಿ ಒರೆಸಿಕೊಳ್ಳುತ್ತ. "ಬಂದ್ರ ಅವನ್ನ ಕರಕೊಂಡು ಹೋಗು. ಇಲ್ಲಂದ್ರ ಪ್ಯಾಂಟು ಹಾಕ್ಕೊಂಡು ಗದ್ದಿಗೆ ಹೋಗ್ಲಿ."

ಗೌಡರು ಸೋತರು. ಆದರೆ ಶೇಖರಮ್ಮ ಏಳಲಿಲ್ಲ. ಒಮ್ಮೆ ಬಾಯಿಮಾತಿಗೆ ಒಪ್ಪಿ ಮೋಸಹೋಗಿದ್ದಳು. ಈ ಸಲ ಪಂಪಮ್ಮನನ್ನು ಸಾಕ್ಷಿಯಾಗಿಸಿ ಮಾತಾಡಿದಳು.

"ಟಿಕೇಟಿನ ಮ್ಯಾಲ ನನ್ನ ಹೆಸರಿರ್ಬೇಕು. ಉಣ್ಣಾಕ ನಿಮ್ಮ ಸಾಲಿನ್ಯಾಗ ಕೂಡ್ತೀನಿ, ಎಲ್ಲಾರದೂ ಆದ ಮ್ಯಾಲ ಅಲ್ಲ. ಇನ್ನೊಂದು, ಹಡಗಿನ ಮ್ಯಾಲ ಮುಂಜಾನಿ ಹೊತ್ತು ಮ್ಯಾಲ ಏರೋತನಕ ನನ್ನನ್ನ ಯಾರೂ ಕರೀಬಾರದು."

"ಹೊತ್ತು ಏರೋತನಕ ಏನ ಮಾಡ್ತೀರ್ರಿ?"

"ನೋಡ್ತೀನಿ."

*

ಕರಿಬಸಯ್ಯ ಕಟ್ಟೆಯ ಮೇಲೆ ಕಾದಿದ್ದರು. ಬಸ್ಸಿನಿಂದ ಚೀಲ ಇಳಿಯಲಿಲ್ಲವೆಂಬುದನ್ನು ದೂರದಿಂದಲೇ ನೋಡಿದರು.

"ಕೂಲಿ ಎಷ್ಟಂದ?"

"ಕೂಲಿ ಇಲ್ಲ."

"ಏನೂ ಇಲ್ಲ?"

"ಏನೂ ಇಲ್ಲ. ಟಿಕೇಟು, ಮತ್ತ ಸಾಲಿನ್ಯಾಗ ಊಟ."

ಅವರು ಎಲೆಯ ರಸ ಉಗುಳಿ ಬಂದು ಕೂತರು. ಆಮೇಲೆ, ಯಾರೋ ಕೇಳುತ್ತಿರುವವರಿಗೆ ಹೇಳುವಂತೆ, "ಕೂಲಿ ಇಲ್ಲಂದ ಮ್ಯಾಲ ಅದು ಆಳತನ ಆಗಂಗಿಲ್ಲ. ಭಕ್ತರು ಅಮ್ಮಾರನ್ನ ಕರಕೊಂಡು ಹೊಂಟಾರ, ಅಷ್ಟೆ," ಎಂದರು. ಮರುದಿನದಿಂದ ಓಣಿಯಲ್ಲಿ ಅವರು ಹೇಳಿದ್ದೂ ಅದನ್ನೇ. ಶೇಖರಮ್ಮ ತಿದ್ದಲು ಹೋಗಲಿಲ್ಲ. ಆ ಸಂಜೆ ಒಲೆ ಉರಿಯಿತು. ಪುಂಡಿಪಲ್ಲೆಯ ಜೊತೆ ವಿಶಾಲಾಕ್ಷಿಯ ದಪ್ಪ ರೊಟ್ಟಿಯನ್ನು ಅಯ್ಯನವರು ಹೊಟ್ಟೆ ತುಂಬ ಉಂಡರು.

ಹೊರಡುವ ದಿನ ಬೆಳಿಗ್ಗೆ ಜೀಪು ಬರುವ ಮುಂಚೆ ಅವರು ಹೆಂಡತಿಯ ಬಳಿ ಬಂದು ನಿಂತರು. "ರಾಮೇಶ್ವರದಾಗ ನಾ ದಂಡಿ ಮ್ಯಾಲ ನಿಂತು ನೋಡಿದ್ದೆ. ಮೊಣಕಾಲು ಮಟ ಇಳಿದೆ, ಅಷ್ಟೆ. ಮುಂದ ಧೈರ್ಯ ಸಾಲಲಿಲ್ಲ."

"ಬಂದು ಹೇಳ್ತೀನಿ, ಮುಂದ ಏನೈತಿ ಅಂತ," ಎಂದಳು ಅವಳು.

ಜಂಬಮ್ಮ ಚೀಲವಿಲ್ಲದೆ ಮತ್ತೆ ಗೋಡೆಗೆ ಒರಗಿದ್ದಳು. ವಿಶಾಲಾಕ್ಷಿ ತಾನು ಬಡಿದ ರೊಟ್ಟಿಗಳಲ್ಲಿ ಸೀಳಿಲ್ಲದ್ದನ್ನು ಆರಿಸಿ ಅತ್ತೆಯ ಗಂಟಿನೊಳಗೆ ಬೇರೆಯಾಗಿ ಸುತ್ತಿಟ್ಟಳು. "ಇದು ಪಂಪಮ್ಮಾರಿಗಲ್ಲ ಅತ್ತಿ. ನಿಮಗ."

*

ರಾಯಚೂರಿನಿಂದ ರೈಲು, ಕೊಚ್ಚಿಯಿಂದ ಹಡಗು. ಹತ್ತಿದ ಸಂಜೆ ನೂಕುನುಗ್ಗಲಿನಲ್ಲಿ, ಗಂಟುಗಳ ಎಣಿಕೆಯಲ್ಲಿ, ಗೌಡರ ಹೆಂಡತಿಯ ತಲೆಸುತ್ತಿನಲ್ಲಿ ಶೇಖರಮ್ಮನಿಗೆ ಏನೂ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರೂ ಮಲಗಿರುವಾಗಲೇ ಅವಳು ಕಬ್ಬಿಣದ ಮೆಟ್ಟಿಲು ಹಿಡಿದು ಮೇಲಿನ ತೆರೆದ ಡೆಕ್ಕಿಗೆ ಬಂದಳು.

ಶಂಖದೊಳಗಿನ ಸದ್ದು ಅಲ್ಲಿರಲಿಲ್ಲ. ಹಡಗಿನ ಯಂತ್ರ ಸಿಂಧನೂರಿನ ಅಕ್ಕಿ ಗಿರಣಿಯಂತೆ ಗುರುಗುಡುತ್ತಿತ್ತು. ನೀರು ನೀಲಿಯೂ ಆಗಿರಲಿಲ್ಲ. ಬೆಳಕು ಹರಿಯುವ ಮುನ್ನ ಅದು ಆಗಷ್ಟೇ ನೇಗಿಲು ಹೊಡೆದ ಎರೆಹೊಲದಂತೆ ಕಪ್ಪಗೆ, ಸಾಲು ಸಾಲಾಗಿ, ಬದುವೇ ಇಲ್ಲದೆ ಹರಡಿತ್ತು. ಆಮೇಲೆ ಹಡಗಿನ ಹಿಂದಿನಿಂದ ಸೂರ್ಯ ಎದ್ದ. ಸಾಲುಗಳ ಒಂದೊಂದೇ ಮಗ್ಗಲು ಹೊಳೆಯಿತು. ಅವಳು ಕಂಬಿಯ ಹತ್ತಿರದ ಬೆಂಚಿನ ಮೇಲೆ ಕೂತು, ಗಂಟಿನಿಂದ ಸೊಸೆಯ ರೊಟ್ಟಿ ತೆಗೆದಳು. ಹಸಿ ಗಾಳಿಗೆ ಅದು ಆಗಲೇ ಬಾಗತೊಡಗಿತ್ತು. ನಾದಲು ಹೋಗದೆ ಹಾಗೆಯೇ ಮಡಚಿ, ನೀರನ್ನು ನೋಡುತ್ತ, ನಿಧಾನವಾಗಿ ಜಗಿದಳು.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಕೂದಲು ಕೆದರಿದ ಅಮರೇಗೌಡರು ಕಂಬಿ ಹಿಡಿದು ತೂರಾಡುತ್ತ ಬಂದು ನಿಂತರು.

"ಅಮ್ಮಾರ... ನಮ್ಮವ್ವ ಎದ್ದಾಳ. ಹಸಿವು ಅನ್ನಾಕತ್ತಾಳ."

ಶೇಖರಮ್ಮ ತಿರುಗಲಿಲ್ಲ. "ಹೊತ್ತು ಏರೇತೇನ್ರಿ ಗೌಡ್ರ?"

ಗೌಡರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ.

"ಇನ್ನೂ ಇಲ್ರಿ."

"ಹಂಗಾರ ಕುಂದರ್ರಿ," ಎಂದಳು ಅವಳು, ಬೆಂಚಿನ ಮೇಲೆ ಸ್ವಲ್ಪ ಸರಿದು.

ಗೌಡರು ಕೂತರು.